ಕಡೆಯ ಕುಸ್ತಿ ಯಾರಿಗೆ? ಹಾಲಿನ ಲೆಕ್ಕ ಯಾರದು?

ಶಹಾಬಾದ: ಸ್ಟೇಶನ್ ಕಡೆಯ ಒಂದು ಚಹಾದಂಗಡಿಯಲ್ಲಿ ಎಂಟು ದಿನದಿಂದ ಒಂದೇ ಮಾತು. ಮುಂದಿನ ವಾರದ ಜಾತ್ರೆಯಲ್ಲಿ ಕಡೆಯ ಕುಸ್ತಿ ಯಾರು ಹೊಡೆಯುತ್ತಾರೆ? ನಮ್ಮ ಫರ್ಸಿ ಖಣಿಯ ಹುಡುಗನೋ, ಸೇಡಂ ಕಡೆಯ ಪೈಲ್ವಾನನೋ? ವಾಡಿ ಬಸ್ಸು ಬಂದು ಹಾರ್ನ್ ಹೊಡೆದರೂ ಏಳುವವರಿಲ್ಲ.

"ಸೇಡಂದಾಂವ 82 ಕಿಲೋ ಅದಾನ, ನಮ್ಮಾಂವ 75. ತೂಕಾನೇ ಗೆಲ್ಲೋದು ನೋಡ್ರಿ" ಅಂದರು ಅಡತ ಅಂಗಡಿಯ ಸಾಹುಕಾರರು. ನಮ್ಮ ಹುಡುಗನನ್ನು ತೊಗರಿ ತೂಗುವ ಕಾಂಟಾದ ಮೇಲೆ ನಿಲ್ಲಿಸಿ ನೋಡಿದವರು ಇವರೇ.

"ಚೀಲ ಎತ್ತೋದಲ್ರೀ ಸಾಹುಕಾರ್ರ, ಇದು ಕುಸ್ತಿ. ಒಮ್ಮೆ ಢಾಕ್ ಬಿತ್ತಂದ್ರ ಕ್ವಿಂಟಲ್ ಆದ್ರೂ ಚಿತ್" ಅಂದ, ದಿನಾ ಕಲಬುರಗಿಗೆ ಓಡಾಡುವ ಗುಮಾಸ್ತ. ಅಂದವನೇ 500 ರೂಪಾಯಿ ನೋಟು ತೆಗೆದು ಮೇಜಿನ ಮೇಲಿಟ್ಟ. ಶರ್ತು!

ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಬಾಕ್ಸಿಂಗಿನಲ್ಲಿ ತೂಕ ನೋಡಿಯೇ ಜೋಡಿ ಹಾಕುತ್ತಾರೆ. ಹರಿಯಾಣದ ವಿಜೇಂದರ್ ಸಿಂಗ್ ಒಲಿಂಪಿಕ್ಸಿನಲ್ಲಿ ಆಡಿದ ಮಿಡ್ಲ್‌ವೇಟ್ ವಿಭಾಗಕ್ಕೆ 75 ಕಿಲೋ ಮಿತಿ. ನಮ್ಮ ಜಾತ್ರೆ ಕಣದಲ್ಲಿ ಕಾಂಟಾ ಎಲ್ಲಿಂದ ಬರಬೇಕು? ಹಿರಿಯ ಪೈಲ್ವಾನರು ಮೈಕಟ್ಟು ನೋಡಿ ಜೋಡಿ ಹಚ್ಚುತ್ತಾರೆ. ಕಣ್ಣಳತೆಯಲ್ಲಿ ಏಳು ಕಿಲೋ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ.

ಹಾಗಾದರೆ ತೂಕ ಸಮ ಆದರೆ ಚರ್ಚೆ ಮುಗಿಯಿತೇ? ಇಲ್ಲ. ಇದೇ ವಿಜೇಂದರನ ಕಥೆ ಕೇಳಿರಿ. ತಂದೆ ಹರಿಯಾಣ ಸಾರಿಗೆಯಲ್ಲಿ ಬಸ್ ಡ್ರೈವರ್. ಮಗ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಕಂಚು ತಂದ; ಬಾಕ್ಸಿಂಗಿನಲ್ಲಿ ಭಾರತಕ್ಕೆ ಅದೇ ಮೊದಲ ಒಲಿಂಪಿಕ್ ಪದಕ. 2009ರಲ್ಲಿ ಮಿಲಾನಿನ ವಿಶ್ವ ಚಾಂಪಿಯನ್‌ಶಿಪ್ ಸೆಮಿಫೈನಲಿನಲ್ಲಿ ಉಜ್ಬೆಕಿಸ್ತಾನದ ಅಬ್ಬೋಸ್ ಅತೋಯೆವ್ ಕೈಯಲ್ಲಿ ಸೋತ. ಮರುವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಫೈನಲಿನಲ್ಲಿ ಅದೇ ಅತೋಯೆವ್‌ನನ್ನು 7-0ರಿಂದ ಹೊಡೆದು ಚಿನ್ನ ತಂದ. 2012ರ ಲಂಡನ್ ಕ್ವಾರ್ಟರ್‌ಫೈನಲಿನಲ್ಲಿ ಅದೇ ಅತೋಯೆವ್ 17-13ರಿಂದ ಗೆದ್ದ. ಅದೇ ಇಬ್ಬರು, ಅದೇ ತೂಕ. ಮೂರು ಸಲ ಶರ್ತು ಕಟ್ಟಿದವನ ಗತಿ ಏನಾಗಿರಬೇಕು?

ಇಷ್ಟೊತ್ತು ಮೂಲೆಯಲ್ಲಿ ಸುಮ್ಮನೆ ಕೂತಿದ್ದ ತಾಲೀಮಿನ ಉಸ್ತಾದರು ಆಗ ಬಾಯಿಬಿಟ್ಟರು. "ಯಾರು ಗೆಲ್ತಾರ ಅಂತ ಕೇಳ್ತೀರಿ. ಹುಡುಗ ಏನು ಉಂಡಾನ ಅಂತ ಒಬ್ಬರರೇ ಕೇಳೀರೇನು?"

ಅಂಗಡಿ ಗಪ್ಪಾಯಿತು. ಹುಡುಗ ಮುಂಜಾನೆಯಿಂದ ಖಣಿಯಲ್ಲಿ ಫರ್ಸಿ ಎತ್ತುತ್ತಾನೆ, ಸಂಜೆ ತಾಲೀಮಿಗೆ ಬರುತ್ತಾನೆ. ಬಾಕಿ ಏರಿದ್ದಕ್ಕೆ ದಿನದ ಒಂದು ಲೀಟರ್ ಹಾಲು ಅರ್ಧಕ್ಕೆ ಇಳಿದಿದೆ. ಕಣದಲ್ಲಿ ಭುಜ ಜಾರಿತೆಂದರೆ ಎರಡು ತಿಂಗಳು ಕೂಲಿ ಬಂದ್. ಶರ್ತು ಗೆದ್ದವರ ಹಣದಲ್ಲಿ ಅವನಿಗೆ ಒಂದು ಪೈಸೆಯೂ ಇಲ್ಲ.

ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರ್ ಬೇರೆ ತರದ ಶರ್ತು ಕಟ್ಟಿದ್ದರು. ತಮ್ಮ ಕಾಲೇಜಿನಲ್ಲಿ ಕಲಿತ ಖಾಶಾಬಾ ಜಾಧವ ಎಂಬ ಪೈಲ್ವಾನನನ್ನು ಹೆಲ್ಸಿಂಕಿ ಒಲಿಂಪಿಕ್ಸಿಗೆ ಕಳಿಸಲು ಸ್ವಂತ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. 1952ರಲ್ಲಿ ಆತ ಕಂಚು ತಂದ. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ಗೆದ್ದ ಮೊದಲ ಒಲಿಂಪಿಕ್ ಪದಕ ಅದು. ಆ ರೊಕ್ಕ ಕುಸ್ತಿಗೆ ಮೊದಲೇ ಪೈಲ್ವಾನನ ಕೈಸೇರಿತ್ತು ಎಂಬುದನ್ನು ಓದುಗರು ಗಮನಿಸಬೇಕು.

ಈ ಸಂಗತಿ ಹೇಳಿದಾಗ ಚಹಾದಂಗಡಿ ಮಾಲಕ ಖಾತೆ ಪುಸ್ತಕ ತೆಗೆದ. "ನಾಳಿಂದ ಒಂದು ಲೀಟರ್ ಹಾಲು ನನ್ನ ಲೆಕ್ಕ. ಸೋತ್ರೂ ಜಾತ್ರಿ ಮುಗದ ಮ್ಯಾಲ ಒಂದು ತಿಂಗಳು ಕೊಡ್ತೀನಿ" ಅಂದ. ಸಾಹುಕಾರರು ಬದಾಮಿ ಒಪ್ಪಿಕೊಂಡರು. ಗುಮಾಸ್ತ ಮೇಜಿನ ಮೇಲಿನ ನೋಟನ್ನು ಎತ್ತಿ ಉಸ್ತಾದರ ಕೈಗಿಟ್ಟು, ಬಸ್ಸಿಗೆ ಓಡಿದ.

ಕಡೆಗೆ ಗೆಲ್ಲುವವರು ಯಾರು? ಈ ಬಾತ್ಮೀದಾರನ ಅಂದಾಜು ಹೀಗಿದೆ. ಮೊದಲ ಐದು ನಿಮಿಷದಲ್ಲಿ ಮುಗಿದರೆ ಸೇಡಂ ಪೈಲ್ವಾನನದು. ಹತ್ತು ನಿಮಿಷ ದಾಟಿದರೆ ಭಾರದ ಮೈಗೆ ಏದುಸಿರು ಬರುತ್ತದೆ. ದಿನವಿಡೀ ಫರ್ಸಿ ಎತ್ತಿದವನ ದಮ್ಮು ಆಗ ಕೆಲಸಕ್ಕೆ ಬರುತ್ತದೆ. ಹಾಲು ಮಾತ್ರ ತಪ್ಪಬಾರದು.