ಕಡಲಿನ ಸ್ಪರ್ಧೆ, ದಡದ ತಕ್ಕಡಿ

ಖೂಬಾ ಪ್ಲಾಟಿನ ಮನೆಯಿಂದ ಹೊರಟು ನೆಹರೂ ಗಂಜಿನಲ್ಲಿ ಅಡತ್ ಅಂಗಡಿ ತೆರೆಯುವ ವರ್ತಕನಿಗೆ ತೂಕದ ಯಂತ್ರದ ಮೇಲಿನ ಸರಕಾರಿ ಮುದ್ರೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ವರ್ಷಕ್ಕೊಮ್ಮೆ ಪರೀಕ್ಷೆಗೊಳಪಡದ ಎಲೆಕ್ಟ್ರಾನಿಕ್ ಯಂತ್ರದಲ್ಲಿ ತೊಗರಿ ತೂಗಿದರೆ ರೈತನೂ ಒಪ್ಪನು, ಕಾನೂನೂ ಒಪ್ಪದು. ಕಡಲಿನಿಂದ ಬಹುದೂರವಿರುವ ಈ ನಗರಕ್ಕೆ ಸಂಬಂಧವೇ ಇಲ್ಲವೆನಿಸುವ ಕ್ರೀಡೆಯೊಂದು ಇದೇ ಕಟ್ಟುಪಾಡಿನ ಮೇಲೆ ನಿಂತಿದೆ. ಅದು ಆಳಸಮುದ್ರದಲ್ಲಿ ಗಾಳ ಹಾಕಿ ದೊಡ್ಡ ಮೀನು ಹಿಡಿಯುವ ಸ್ಪರ್ಧೆ. ಅಮೆರಿಕ, ಆಸ್ಟ್ರೇಲಿಯ ಮುಂತಾದೆಡೆ ಅನೇಕ ಕುಟುಂಬಗಳು ಒಟ್ಟಾಗಿ ಪೋಷಿಸಿಕೊಂಡು ಬಂದಿರುವ ಹವ್ಯಾಸವಿದು. ದೋಣಿ, ಎಂಜಿನ್, ರೀಲು, ದಾರಗಳನ್ನು ತಯಾರಿಸುವ ಉದ್ಯಮಗಳಿಗೂ ಇದು ಮಾರುಕಟ್ಟೆ ಒದಗಿಸಿದೆ.

1939ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ ಇದರ ನಿಯಮಗಳನ್ನು ರೂಪಿಸಿತು. ದಾಖಲೆಗೆ ಅರ್ಹವಾಗಬೇಕಾದರೆ ಮೀನನ್ನು ದಡದ ಮೇಲೆಯೇ ತೂಗಬೇಕು. ಓಲಾಡುವ ದೋಣಿಯಲ್ಲಿ ತೂಗಿದ್ದು ಲೆಕ್ಕಕ್ಕಿಲ್ಲ. ತಕ್ಕಡಿಯು ಹಿಂದಿನ ಹನ್ನೆರಡು ತಿಂಗಳೊಳಗೆ ಪರೀಕ್ಷಿತವಾಗಿರಬೇಕು. ಬಳಸಿದ ದಾರದ ಮಾದರಿಯನ್ನೂ ಕಳುಹಿಸಬೇಕು. 1953ರಲ್ಲಿ ಪೆರು ದೇಶದ ಕರಾವಳಿಯಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದ 1,560 ಪೌಂಡಿನ ಕಪ್ಪು ಮಾರ್ಲಿನ್ ಈ ಸಂಸ್ಥೆಯ ದಾಖಲೆಗಳಲ್ಲಿ ಅತಿ ಪ್ರಸಿದ್ಧವಾದುದು.

ಕುಟುಂಬದ ದೃಷ್ಟಿಯಿಂದ ಅತ್ಯಂತ ಕಠಿಣವಾದುದು ಇನ್ನೊಂದು ನಿಯಮ. ಮೀನು ಗಾಳ ಕಚ್ಚಿದ ಕ್ಷಣದಿಂದ ಕೋಲು, ರೀಲು, ದಾರಗಳನ್ನು ಒಬ್ಬರೇ ನಿರ್ವಹಿಸಬೇಕು. ತಂದೆ ಚುಕ್ಕಾಣಿ ಹಿಡಿಯಬಹುದು, ಅಣ್ಣ ದೋಣಿ ತಿರುಗಿಸಲು ಸೂಚನೆ ಕೊಡಬಹುದು. ಮಗಳ ಕೈ ಸೋತಾಗ ಯಾರೊಬ್ಬರೂ ಕೋಲನ್ನು ಮುಟ್ಟುವಂತಿಲ್ಲ. ಗಾಳದ ಸಮೀಪದ ದಪ್ಪ ದಾರ ಕೈಗೆಟುಕಿದ ಮೇಲಷ್ಟೇ ಇತರರು ಅದನ್ನು ಹಿಡಿಯಬಹುದು. ಮಹಿಳೆಯರಿಗೂ ಮಕ್ಕಳಿಗೂ ಪ್ರತ್ಯೇಕ ದಾಖಲೆಗಳಿರುವುದರಿಂದ ಇಡೀ ಮನೆಯೇ ಸ್ಪರ್ಧೆಗಿಳಿಯುವುದು ಸಾಧ್ಯವಾಗಿದೆ.

ನಿಯಮ ಎಷ್ಟು ದುಬಾರಿಯಾಗಬಲ್ಲದು ಎಂಬುದು 2023ರ ಜೂನ್‌ನಲ್ಲಿ ಕಂಡುಬಂದಿತು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನಡೆಯುವ ಬಿಗ್ ರಾಕ್ ಸ್ಪರ್ಧೆಯಲ್ಲಿ ‘ಸೆನ್ಸೇಷನ್’ ಎಂಬ ದೋಣಿಯವರು ಗಂಟೆಗಟ್ಟಲೆ ಸೆಣಸಿ 619.4 ಪೌಂಡಿನ ನೀಲಿ ಮಾರ್ಲಿನ್ ತಂದರು. ಮೀನಿನ ಮೈಮೇಲೆ ಶಾರ್ಕ್ ಅಥವಾ ಬೇರೆ ಕಡಲಜೀವಿ ಕಚ್ಚಿದ ಗಾಯವಿತ್ತು. ಗಾಯಗೊಂಡ ಮೀನು ಪೂರ್ಣ ಬಲದಿಂದ ಹೋರಾಡಲಾರದೆಂಬ ಕಾರಣಕ್ಕೆ ಅಂಥದ್ದನ್ನು ಪರಿಗಣಿಸಲಾಗದು. ಸುಮಾರು 35 ಲಕ್ಷ ಡಾಲರು, ಅಂದರೆ ಆಗಿನ ದರದಲ್ಲಿ 28 ಕೋಟಿ ರೂಪಾಯಿಗೂ ಮಿಗಿಲಾದ ಬಹುಮಾನ ಕೈತಪ್ಪಿ, 484.5 ಪೌಂಡಿನ ಮೀನಿಗೆ ಪ್ರಥಮ ಸ್ಥಾನ ದೊರೆಯಿತು. ತೂಕ ಸರಿಯಿದ್ದರೂ ಮಾಲು ತಿರಸ್ಕೃತವಾಗಬಹುದೆಂಬುದು ಗಂಜಿನವರಿಗೆ ಹೊಸ ಸಂಗತಿಯೇನಲ್ಲ.

ಕರ್ನಾಟಕದಲ್ಲಿ ಈ ಹವ್ಯಾಸ ಬೇರೂರಿದ್ದು ಸಮುದ್ರದಲ್ಲಿ ಅಲ್ಲ, ನದಿಗಳಲ್ಲಿ. ಅಲ್ಲಿಯೂ ಒಂದು ವ್ಯಾಪಾರಿ ಕುಟುಂಬದ ಹೆಸರೇ ಮುಂದೆ ಬರುತ್ತದೆ. ಬೇಟೆಯ ಪ್ರಾಣಿಗಳ ಚರ್ಮವನ್ನು ಹದಮಾಡಿ, ಜೀವಂತವಿದ್ದಂತೆ ತೋರುವ ಆಕೃತಿಗಳನ್ನು ಸಿದ್ಧಪಡಿಸುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆಗೆ ಮಹಾರಾಜರೂ ಬ್ರಿಟಿಷ್ ಅಧಿಕಾರಿಗಳೂ ಗಿರಾಕಿಗಳಾಗಿದ್ದರು. ತಂದೆ ಯೂಜೀನ್ ಆರಂಭಿಸಿದ ಕಾರ್ಖಾನೆಯನ್ನು ಮಕ್ಕಳು ಮುಂದುವರಿಸಿದರು. ಅವರಲ್ಲೊಬ್ಬರಾದ ಡಿ ವೆಟ್ 1946ರಲ್ಲಿ ಕಬಿನಿ ನದಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು.

ಆದರೆ ಅಂತರರಾಷ್ಟ್ರೀಯ ಸಂಸ್ಥೆಯ ಪುಸ್ತಕದಲ್ಲಿ ಮಹಶೀರ್ ದಾಖಲೆಯಾಗಿ ಸೇರಿದ್ದು 1984ರಲ್ಲಿ ಕಾವೇರಿಯಲ್ಲಿ ರಾಬರ್ಟ್ ಹೋವಿಟ್ ಹಿಡಿದ 95 ಪೌಂಡಿನ ಮೀನು. 1946ರಲ್ಲಿ ಆ ಸಂಸ್ಥೆ ಕಡಲ ಮೀನುಗಳ ದಾಖಲೆಯನ್ನು ಮಾತ್ರ ಇಡುತ್ತಿತ್ತು. ಸಿಹಿನೀರಿನ ದಾಖಲೆಗಳು ಅದರ ವಶಕ್ಕೆ ಬಂದದ್ದು 1978ರಲ್ಲಿ. ಹೀಗೆ ಹೆಚ್ಚು ತೂಗಿದ ಮೀನಿಗಿಂತ, ಲೆಕ್ಕದ ಪುಸ್ತಕಕ್ಕೆ ಏರಿದ ಮೀನೇ ದಾಖಲೆಯಾಯಿತು.

ವ್ಯಾನ್ ಇಂಗೆನ್ ಕುಟುಂಬದ ಉದ್ಯಮಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಹುಲಿ, ಚಿರತೆಗಳ ಕಚ್ಚಾ ಮಾಲೇ ಇಲ್ಲದಂತಾಗಿ, 1999ರಲ್ಲಿ ಅದು ಮುಚ್ಚಿತು. ಕಾವೇರಿ ಕೊಳ್ಳದ ಆ ದೈತ್ಯ ಮಹಶೀರ್ ಕೂಡ ವಿರಳವಾಗಿದೆ. ಅದರ ವೈಜ್ಞಾನಿಕ ಹೆಸರು ಟೋರ್ ರೆಮದೇವಿ ಎಂದು ಖಚಿತವಾದ 2018ರಲ್ಲೇ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು.

ಕಡಲಿನ ಸ್ಪರ್ಧೆಗಳು ಇಂಥದೇ ಆತಂಕದಿಂದ ದಾರಿ ಬದಲಿಸತೊಡಗಿವೆ. ಹಲವೆಡೆ ಈಗ ಮೀನನ್ನು ದಡಕ್ಕೆ ತರುವುದೇ ಇಲ್ಲ. ದೋಣಿಯ ಪಕ್ಕದಲ್ಲಿ ಅದನ್ನು ಬಿಡುಗಡೆ ಮಾಡಿ, ಚಿತ್ರೀಕರಣದ ಸಾಕ್ಷ್ಯದ ಮೇಲೆ ಅಂಕ ಪಡೆಯಲಾಗುತ್ತದೆ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಮಾರ್ಲಿನ್ ಸ್ಪರ್ಧೆಗಳಲ್ಲಿ ನೈಸರ್ಗಿಕ ಎರೆ ಬಳಸುವವರಿಗೆ 2008ರಿಂದ ತುದಿ ಒಳಕ್ಕೆ ಬಾಗಿದ ದುಂಡು ಗಾಳ ಕಡ್ಡಾಯವಾಗಿದೆ. ಅದು ಹೊಟ್ಟೆಗಿಳಿಯದೆ ಬಾಯಿಯ ಅಂಚಿಗೆ ಸಿಕ್ಕಿಕೊಳ್ಳುವುದರಿಂದ ಬಿಟ್ಟ ಮೀನು ಬದುಕುಳಿಯುವ ಸಂಭವ ಹೆಚ್ಚು.