ಎಂ.ಆರ್.ಐ. ಕೊಠಡಿಯಲ್ಲಿ ಕೆಲಸ: ಗುತ್ತಿಗೆದಾರರೂ ಸರಬರಾಜುದಾರರೂ ಅರಿತಿರಬೇಕಾದ ಸಂಗತಿಗಳು

ಎಂ.ಆರ್.ಐ. ಸ್ಕ್ಯಾನಿಂಗ್ ಕೇಂದ್ರಗಳು ಈಗ ಮಹಾನಗರಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಜಿಲ್ಲಾ ಕೇಂದ್ರಗಳಲ್ಲಿಯೂ ಇವು ಸ್ಥಾಪನೆಗೊಂಡಿವೆ. ಇಂತಹ ಒಂದೊಂದು ಕೇಂದ್ರವೂ ಸ್ಥಳೀಯ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ವ್ಯವಹಾರ ಒದಗಿಸುತ್ತದೆ. ಹವಾನಿಯಂತ್ರಣ ಯಂತ್ರದ ದುರಸ್ತಿ, ವಿದ್ಯುತ್ ಕೆಲಸ, ಬಣ್ಣ ಬಳಿಯುವಿಕೆ, ಸುಳ್ಳು ಛಾವಣಿ, ಟ್ರಾಲಿ ಮತ್ತು ಗಾಲಿಕುರ್ಚಿಗಳ ಸರಬರಾಜು, ಆಮ್ಲಜನಕದ ಸಿಲಿಂಡರು, ಬೆಂಕಿ ನಂದಿಸುವ ಉಪಕರಣ, ಸ್ವಚ್ಛತಾ ಗುತ್ತಿಗೆ ಇವೆಲ್ಲವೂ ಸಾಮಾನ್ಯ ಆಸ್ಪತ್ರೆಯ ಕೆಲಸಗಳಂತೆಯೇ ತೋರುತ್ತವೆ. ದರಪಟ್ಟಿಯನ್ನೂ ಹಾಗೆಯೇ ಸಲ್ಲಿಸಲಾಗುತ್ತದೆ. ಆದರೆ ಸ್ಕ್ಯಾನರ್ ಇರುವ ಕೊಠಡಿಯ ಬಾಗಿಲನ್ನು ದಾಟಿದ ಮರುಕ್ಷಣ, ಪಾನಾ ಹಿಡಿದ ಕೆಲಸಗಾರನಿಗೂ ಅವನನ್ನು ಕಳುಹಿಸಿದ ಮಾಲೀಕನಿಗೂ ಒದಗುವ ಅಪಾಯ ಬೇರೆಯೇ ಸ್ವರೂಪದ್ದು.

ಆ ಅಪಾಯದ ಮೂಲ ಒಂದು ತಪ್ಪು ಕಲ್ಪನೆಯಲ್ಲಿದೆ. ಯಂತ್ರ ಬಂದ್ ಆಗಿದೆ, ಇಂದು ರೋಗಿಗಳಿಲ್ಲ, ಆದ್ದರಿಂದ ಒಳಗೆ ಹೋಗಬಹುದು ಎಂಬುದೇ ಆ ಕಲ್ಪನೆ.

ಎಂದಿಗೂ ಆರದ ಅಯಸ್ಕಾಂತ

ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಯಂತ್ರಗಳ ಕಾಂತಶಕ್ತಿ 1.5 ಟೆಸ್ಲಾ ಅಥವಾ 3 ಟೆಸ್ಲಾ. ಒಂದು ಟೆಸ್ಲಾ ಎಂದರೆ 10,000 ಗಾಸ್. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್ ಮಾತ್ರ. ಅಂದರೆ 1.5 ಟೆಸ್ಲಾ ಯಂತ್ರದ ನಡುವೆ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು ಮೂವತ್ತು ಸಾವಿರ ಪಟ್ಟು ಹೆಚ್ಚಿನ ಶಕ್ತಿಯಿರುತ್ತದೆ. ಈ ಶಕ್ತಿಯನ್ನು ಉಂಟುಮಾಡುವ ತಂತಿಯ ಸುರುಳಿಗಳನ್ನು ದ್ರವ ಹೀಲಿಯಂ ಮೂಲಕ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ಇರಿಸಲಾಗುತ್ತದೆ. ಅಷ್ಟು ತಣ್ಣಗಾದ ತಂತಿಯಲ್ಲಿ ವಿದ್ಯುತ್ತಿಗೆ ತಡೆಯೇ ಇಲ್ಲ. ಒಮ್ಮೆ ಹರಿಸಿದ ವಿದ್ಯುತ್ತು ಹೊರಗಿನ ಪೂರೈಕೆಯಿಲ್ಲದೆಯೇ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ರಾತ್ರಿ ದೀಪ ಆರಿಸಿದರೂ, ಮುಖ್ಯ ಸ್ವಿಚ್ ತೆಗೆದರೂ, ಊರಿಗೇ ವಿದ್ಯುತ್ ಹೋದರೂ ಅಯಸ್ಕಾಂತ ಮಾತ್ರ ಎಚ್ಚರವಾಗಿಯೇ ಇರುತ್ತದೆ. ಗೋಡೆಯ ಮೇಲಿನ ತುರ್ತು ವಿದ್ಯುತ್ ಕಡಿತದ ಗುಂಡಿಯನ್ನು ಒತ್ತಿದರೂ ಕಾಂತಕ್ಷೇತ್ರ ಹೋಗುವುದಿಲ್ಲ. ವಿದ್ಯುತ್ ಗುತ್ತಿಗೆದಾರರು ಇದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಮೈನ್ ತೆಗೆದ ಮೇಲೆ ಭಯವಿಲ್ಲವೆಂಬ ಅವರ ವೃತ್ತಿಯ ಪಾಠ ಇಲ್ಲಿ ತಲೆಕೆಳಗಾಗುತ್ತದೆ.

ಲೆಕ್ಕಪತ್ರ ನೋಡುವವರಿಗೂ ಇಲ್ಲೊಂದು ಪಾಠವಿದೆ. ರೋಗಿಗಳಿಲ್ಲದ ರಾತ್ರಿಯಲ್ಲಿಯೂ ಶೈತ್ಯಯಂತ್ರದ ಕಂಪ್ರೆಸರ್ ನಡೆಯುತ್ತಲೇ ಇರಬೇಕಾದುದರಿಂದ ಆ ವಿದ್ಯುತ್ ವೆಚ್ಚವನ್ನು ಉಳಿತಾಯದ ಪಟ್ಟಿಗೆ ಸೇರಿಸಲು ಬರುವುದಿಲ್ಲ.

ಇನ್ನೊಂದು ವಂಚಕ ಗುಣವೆಂದರೆ ಸೆಳೆತ ಏಕಾಏಕಿ ಏರುವ ರೀತಿ. ಇಂದಿನ ಯಂತ್ರಗಳಲ್ಲಿ ಕಾಂತಕ್ಷೇತ್ರ ಹೊರಗೆ ಹೆಚ್ಚು ಹರಡದಂತೆ ತಡೆಯಿರುತ್ತದೆ. ಅದರಿಂದ ಪಕ್ಕದ ಕೊಠಡಿಗಳಿಗೆ ಅನುಕೂಲವೇ ಹೌದು. ಆದರೆ ಬಾಗಿಲ ಬಳಿ ಏನೂ ಅನ್ನಿಸದ ಕೆಲಸಗಾರನ ಕೈಯಲ್ಲಿನ ಉಪಕರಣವನ್ನು ಮುಂದಿನ ಒಂದೆರಡು ಹೆಜ್ಜೆಗಳಲ್ಲಿಯೇ ಯಂತ್ರ ಕಿತ್ತುಕೊಳ್ಳುತ್ತದೆ. ಎಳೆತ ಅನುಭವಕ್ಕೆ ಬಂದಾಗ ಹಿಂದೆ ಸರಿಯಲು ಸಮಯವೇ ಇರುವುದಿಲ್ಲ.

ನಡೆದ ದುರಂತಗಳು

2001ರ ಜುಲೈ ತಿಂಗಳಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನಿಂಗ್‌ಗೆ ಒಳಗಾಗಿದ್ದ ಆರು ವರ್ಷದ ಬಾಲಕ, ಕೊಠಡಿಯೊಳಕ್ಕೆ ತರಲಾದ ಆಮ್ಲಜನಕದ ಸಿಲಿಂಡರು ಹಾರಿ ಬಂದು ಬಡಿದು ಅಸುನೀಗಿದ. ಆ ಬಳಿಕವೇ ಅಮೆರಿಕದ ವಿಕಿರಣತಜ್ಞರ ಸಂಘ, ಅಂದರೆ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ, 2002ರಲ್ಲಿ ಮೊದಲ ಸುರಕ್ಷತಾ ಮಾರ್ಗಸೂಚಿಯನ್ನು ಪ್ರಕಟಿಸಿತು.

ನಮ್ಮ ದೇಶದ ಉದಾಹರಣೆಗಳೂ ಇವೆ. 2014ರ ನವೆಂಬರ್‌ನಲ್ಲಿ ನವಿ ಮುಂಬಯಿಯ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಘಟಕದಲ್ಲಿ ಇಬ್ಬರು ಸಿಬ್ಬಂದಿ ಸಿಲಿಂಡರಿಗೂ ಯಂತ್ರಕ್ಕೂ ನಡುವೆ ಸಿಕ್ಕಿಕೊಂಡು ಸುಮಾರು ನಾಲ್ಕು ಗಂಟೆ ನರಳಿದರು. ಕಾಂತಕ್ಷೇತ್ರವನ್ನು ತಗ್ಗಿಸುವ ತುರ್ತು ಗುಂಡಿ ಕೆಲಸ ಮಾಡಲಿಲ್ಲವೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದವು. 2018ರ ಜನವರಿ 27ರಂದು ಮುಂಬಯಿಯ ನಾಯರ್ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಜೊತೆಗೆ ಬಂದಿದ್ದ 32 ವರ್ಷದ ಸಂಬಂಧಿಕ, ಕೈಯಲ್ಲಿದ್ದ ಆಮ್ಲಜನಕದ ಸಿಲಿಂಡರಿನೊಡನೆ ಯಂತ್ರಕ್ಕೆ ಸೆಳೆಯಲ್ಪಟ್ಟು ಮೃತಪಟ್ಟ. ಯಂತ್ರ ಬಂದ್ ಆಗಿದೆಯೆಂದು ಸಿಬ್ಬಂದಿ ಹೇಳಿದ್ದರೆಂಬುದು ಕುಟುಂಬದವರ ದೂರಾಗಿತ್ತು. 2025ರ ಜುಲೈಯಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಹೆಂಡತಿಯನ್ನು ಎಬ್ಬಿಸಲೆಂದು ಒಳಹೋದ 61 ವರ್ಷದ ವ್ಯಕ್ತಿಯೊಬ್ಬರು ಕೊರಳಲ್ಲಿದ್ದ ಸುಮಾರು ಒಂಬತ್ತು ಕಿಲೋ ತೂಕದ ವ್ಯಾಯಾಮದ ಸರಪಳಿಯಿಂದಾಗಿ ಪ್ರಾಣ ಕಳೆದುಕೊಂಡರು.

ಮುಂಬಯಿ ಮತ್ತು ಲಾಂಗ್ ಐಲೆಂಡ್ ಪ್ರಕರಣಗಳಲ್ಲಿ ಮೃತರು ರೋಗಿಗಳಾಗಿರಲಿಲ್ಲ, ವೈದ್ಯರಾಗಿರಲಿಲ್ಲ. ಹೊರಗಿನಿಂದ ಬಂದವರು. ಗುತ್ತಿಗೆದಾರನ ಕೆಲಸಗಾರನೂ ಅದೇ ವರ್ಗಕ್ಕೆ ಸೇರಿದವನು.

ಒಳಗೆ ಹೋಗುವ ಮುನ್ನ

ಮೇಲ್ಕಂಡ ಮಾರ್ಗಸೂಚಿ ಕೇಂದ್ರದ ಆವರಣವನ್ನು ನಾಲ್ಕು ವಲಯಗಳಾಗಿ ವಿಂಗಡಿಸುತ್ತದೆ. ಮೊದಲನೆಯದು ಸಾರ್ವಜನಿಕರ ಜಾಗ. ಎರಡನೆಯದು ರೋಗಿಗಳನ್ನು ಪ್ರಶ್ನಿಸಿ ಪರಿಶೀಲಿಸುವ ಜಾಗ. ಮೂರನೆಯದು ನಿಯಂತ್ರಣ ಕೊಠಡಿ ಮುಂತಾದ ನಿರ್ಬಂಧಿತ ಭಾಗ. ನಾಲ್ಕನೆಯದೇ ಯಂತ್ರವಿರುವ ಕೊಠಡಿ. ತರಬೇತಿ ಪಡೆದ ಕೇಂದ್ರದ ಸಿಬ್ಬಂದಿಯೊಬ್ಬರು ಜೊತೆಯಲ್ಲಿಲ್ಲದೆ ಹೊರಗಿನ ಕೆಲಸಗಾರ ಮೂರನೆಯ ವಲಯವನ್ನೂ ಪ್ರವೇಶಿಸಕೂಡದು. ಭಾನುವಾರ ರಜೆ, ಕಾವಲುಗಾರನ ಬಳಿ ಬೀಗದ ಕೈ ಇದೆ, ಬೇಗ ಮುಗಿಸಿ ಬನ್ನಿ ಎಂಬ ಏರ್ಪಾಡಿಗೆ ಗುತ್ತಿಗೆದಾರರು ಒಪ್ಪಲೇಬಾರದು. ರೋಗಿಗಳಿಗೆ ತೊಂದರೆಯಾಗದಿರಲೆಂದು ಸ್ವಚ್ಛತೆ ಹಾಗೂ ದುರಸ್ತಿ ಕೆಲಸಗಳನ್ನು ಸಿಬ್ಬಂದಿಯಿಲ್ಲದ ಹೊತ್ತಿನಲ್ಲಿಯೇ ಇಟ್ಟುಕೊಳ್ಳುವ ರೂಢಿ ಎಲ್ಲೆಡೆ ಇದೆ. ಅದೇ ಹೆಚ್ಚು ಅಪಾಯದ ಹೊತ್ತು.

ನೆಲ ಉಜ್ಜುವ ಯಂತ್ರ, ಕಬ್ಬಿಣದ ಏಣಿ, ಸ್ಕ್ರೂಡ್ರೈವರ್, ಮೊಳೆ, ಬಕೆಟ್ಟಿನ ಹಿಡಿಕೆ, ಪೆನ್‌ಟಾರ್ಚಿನ ಸೆಲ್ಲು, ಉಕ್ಕಿನ ಮುಂಗಾಲಿರುವ ಸುರಕ್ಷತಾ ಬೂಟು ಇವೆಲ್ಲವೂ ಹೊರಗೇ ಉಳಿಯಬೇಕು. ಮೊಬೈಲು, ಕೈಗಡಿಯಾರ, ಬ್ಯಾಂಕಿನ ಕಾರ್ಡು ಕೆಡುತ್ತವೆ. ಅದು ಸಣ್ಣ ನಷ್ಟ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡ ಕೆಲಸಗಾರನನ್ನು ಈ ಕೆಲಸಕ್ಕೆ ನೇಮಿಸಲೇಬಾರದು. ಅಂಥವರಿಗಾಗಿಯೇ 5 ಗಾಸ್ ಗಡಿರೇಖೆಯನ್ನು ಗುರುತಿಸುವ ಪದ್ಧತಿ ಬಹುಕಾಲದಿಂದ ಇದೆ.

ಹವಾನಿಯಂತ್ರಣ ಮತ್ತು ವಿದ್ಯುತ್ ಕೆಲಸದವರಿಗೆ ಮತ್ತೊಂದು ಮಾತು. ಈ ಕೊಠಡಿಯ ಗೋಡೆ, ಛಾವಣಿ, ಬಾಗಿಲುಗಳೊಳಗೆ ಹೊರಗಿನ ರೇಡಿಯೋ ಅಲೆಗಳನ್ನು ತಡೆಯಲು ಸಾಮಾನ್ಯವಾಗಿ ತಾಮ್ರದ ಹೊದಿಕೆ ಇರುತ್ತದೆ. ಒಂದು ತಂತಿ ಎಳೆಯಲೆಂದು ಡ್ರಿಲ್ಲಿಂಗ್ ಮಾಡಿದರೆ ಹೊದಿಕೆ ತೂತಾಗಿ ಚಿತ್ರಗಳು ಕೆಡುತ್ತವೆ. ಸರಿಪಡಿಸುವ ಖರ್ಚು ತೂತು ಕೊರೆದವನ ಬಿಲ್ಲಿನಿಂದಲೇ ಕಡಿತವಾಗುತ್ತದೆ.

ಹೀಲಿಯಂ ಎಂಬ ಕಾಣದ ಅಪಾಯ

ತುರ್ತು ಸಂದರ್ಭದಲ್ಲಿ ಕಾಂತಕ್ಷೇತ್ರವನ್ನು ಇಳಿಸುವ ಕ್ರಿಯೆಗೆ ಕ್ವೆಂಚ್ ಎನ್ನುತ್ತಾರೆ. ಆಗ ದ್ರವ ಹೀಲಿಯಂ ಕುದಿದು ಅನಿಲವಾಗುತ್ತದೆ. ಒಂದು ಲೀಟರ್ ದ್ರವ ಕೊಠಡಿಯ ಉಷ್ಣತೆಯಲ್ಲಿ ಸುಮಾರು 750 ಲೀಟರ್ ಅನಿಲವಾಗಿ ಹಿಗ್ಗುತ್ತದೆ. ಹಳೆಯ ಮಾದರಿಯ ಯಂತ್ರದಲ್ಲಿ ಸಾವಿರ ಲೀಟರಿಗೂ ಹೆಚ್ಚು ದ್ರವವಿರುತ್ತದೆ. ಅದು ಛಾವಣಿಯ ಮೇಲಿನ ದೊಡ್ಡ ಕೊಳವೆಯ ಮೂಲಕ ಹೊರಹೋಗಬೇಕು. ಆ ಕೊಳವೆಯ ಬಾಯಿಗೆ ಪಾರಿವಾಳ ಗೂಡು ಕಟ್ಟಿದ್ದರೆ, ಅಥವಾ ಮಳೆ ನೀರು ಬೀಳದಿರಲೆಂದು ಯಾರೋ ಮುಚ್ಚಿದ್ದರೆ ಅನಿಲ ಕೊಠಡಿಗೇ ನುಗ್ಗಿ ಅಲ್ಲಿನ ಆಮ್ಲಜನಕವನ್ನು ಹೊರದೂಡುತ್ತದೆ. ಬಣ್ಣ, ವಾಸನೆ ಯಾವುದೂ ಇಲ್ಲದ ಕಾರಣ ಒಳಗಿದ್ದವನಿಗೆ ತಿಳಿಯುವುದೇ ಇಲ್ಲ. ಒಳಗಿನ ಒತ್ತಡದಿಂದ ಒಳಮುಖವಾಗಿ ತೆರೆಯುವ ಬಾಗಿಲು ಎಳೆದರೂ ಬಾರದಂತಾಗುವ ಸಂಭವವೂ ಉಂಟು. ಛಾವಣಿಗೆ ನೀರು ಸೋರದ ಲೇಪನ ಮಾಡುವವರು, ಸೌರಫಲಕ ಕೂರಿಸುವವರು ಈ ಕೊಳವೆಯ ಸ್ಥಾನವನ್ನು ಮೊದಲೇ ಕೇಳಿ ತಿಳಿದು ಅದರಿಂದ ದೂರವಿರಬೇಕು.

ಗುಂಡಿ ಒತ್ತಿದ ಮೇಲೆಯೂ ಕಾಂತಕ್ಷೇತ್ರ ಇಳಿಯಲು ಒಂದೆರಡು ನಿಮಿಷ ಬೇಕು. ಮನುಷ್ಯ ಸಿಕ್ಕಿಕೊಂಡಾಗ ಮಾತ್ರ ಅದನ್ನು ಒತ್ತತಕ್ಕದ್ದು. ಒತ್ತಬೇಕಾದವರು ಕೇಂದ್ರದ ಸಿಬ್ಬಂದಿ. ಏಣಿಯೊಂದು ಅಂಟಿಕೊಂಡಿತೆಂದು ಗಾಬರಿಯಿಂದ ಒತ್ತಿದರೆ ಹೀಲಿಯಂ ಮರುಪೂರಣಕ್ಕೆ ಲಕ್ಷಗಟ್ಟಲೆ ವೆಚ್ಚವಾಗುವುದಲ್ಲದೆ ಯಂತ್ರ ದಿನಗಟ್ಟಲೆ ನಿಲ್ಲುತ್ತದೆ. ಹೊಸ ಮಾದರಿಯ ಕೆಲವು ಯಂತ್ರಗಳಿಗೆ ಕೆಲವೇ ಲೀಟರ್ ಹೀಲಿಯಂ ಸಾಕು. ಅವುಗಳಲ್ಲಿ ಅನಿಲದ ಭಯ ಕಡಿಮೆ, ಸೆಳೆತದ ಭಯ ಮಾತ್ರ ಎಳ್ಳಷ್ಟೂ ಕಡಿಮೆಯಲ್ಲ.

ತಯಾರಕರು ಮತ್ತು ಮಾರಾಟಗಾರರಿಗೆ

ಆಸ್ಪತ್ರೆಯ ಟ್ರಾಲಿ, ಸ್ಟ್ಯಾಂಡುಗಳನ್ನು ತಯಾರಿಸುವ ಸಣ್ಣ ಘಟಕಗಳಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಯಸ್ಕಾಂತಕ್ಕೆ ಅಂಟುವುದಿಲ್ಲವೆಂಬ ನಂಬಿಕೆ ಬಲವಾಗಿದೆ. ಹಾಳೆಯ ಮಟ್ಟಿಗೆ ಅದು ಬಹುಪಾಲು ನಿಜ. ಆದರೆ ಅದೇ ಹಾಳೆಯನ್ನು ಬಗ್ಗಿಸಿ, ಒತ್ತಿ, ಎಳೆದು ರೂಪಿಸಿದಾಗ ಲೋಹದ ಒಳರಚನೆ ಬದಲಾಗಿ ಬಾಗಿದ ಜಾಗಗಳಲ್ಲಿ ಕಾಂತಗುಣ ಹುಟ್ಟುತ್ತದೆ. ಅಂಗಡಿಯ ಪುಟ್ಟ ಅಯಸ್ಕಾಂತ ಹಿಡಿದು ಪರೀಕ್ಷಿಸಿದೆವೆಂಬುದು 3 ಟೆಸ್ಲಾ ಯಂತ್ರದ ಮುಂದೆ ಸಾಕ್ಷ್ಯವಾಗಲಾರದು. ಚೌಕಟ್ಟು ಅಲ್ಯೂಮಿನಿಯಂ ಆಗಿದ್ದರೂ ಗಾಲಿಯ ಬೇರಿಂಗು, ಸ್ಪ್ರಿಂಗು, ಬೋಲ್ಟುಗಳು ಉಕ್ಕಿನವಾಗಿರುತ್ತವೆ. ಅಲ್ಯೂಮಿನಿಯಂ ಆಮ್ಲಜನಕ ಸಿಲಿಂಡರಿಗೆ ಉಕ್ಕಿನ ಬಿಡಿಭಾಗಗಳಿರುವ ರೆಗ್ಯುಲೇಟರ್ ಜೋಡಿಸಿದರೂ ಅದೇ ಕಥೆ. ಕನಿಷ್ಠ ದರದ ಟೆಂಡರಿನಲ್ಲಿ ಮೊದಲು ಬದಲಾಗುವುದು ಇಂತಹ ಕಣ್ಣಿಗೆ ಬೀಳದ ಭಾಗಗಳೇ.

ಅಂತಾರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಎ.ಎಸ್.ಟಿ.ಎಂ. ಮಾನದಂಡದಲ್ಲಿ ಮೂರು ಗುರುತುಗಳಿವೆ. ಹಸಿರು ಚೌಕ ಸುರಕ್ಷಿತ ವಸ್ತುವಿಗೆ. ಹಳದಿ ತ್ರಿಕೋನ ಷರತ್ತಿಗೊಳಪಟ್ಟ ವಸ್ತುವಿಗೆ. ಅಡ್ಡಗೆರೆಯಿರುವ ಕೆಂಪು ವೃತ್ತ ಅಸುರಕ್ಷಿತ ವಸ್ತುವಿಗೆ. ಹಸಿರು ಗುರುತು ಲೋಹವೂ ಅಲ್ಲದ, ವಿದ್ಯುದ್ವಾಹಕವೂ ಅಲ್ಲದ, ಕಾಂತಗುಣವೂ ಇಲ್ಲದ ವಸ್ತುಗಳಿಗೆ ಮಾತ್ರ ಸಲ್ಲುತ್ತದೆ. ಅಲ್ಯೂಮಿನಿಯಂ ಟ್ರಾಲಿ ಎಷ್ಟೇ ಚೆನ್ನಾಗಿದ್ದರೂ ಹಳದಿಯನ್ನು ಮೀರಲಾರದು. ಎಷ್ಟು ಟೆಸ್ಲಾವರೆಗೆ, ಯಾವ ಷರತ್ತಿನಲ್ಲಿ ಎಂಬುದನ್ನೂ ಬರೆಯಬೇಕು. ಗ್ರಾಹಕ ಕೇಳಿದನೆಂದು ಎಂ.ಆರ್.ಐ. ಸೇಫ್ ಎಂಬ ಚೀಟಿ ಅಂಟಿಸಿ ಕಳುಹಿಸುವುದು ಕೇವಲ ಮಾರಾಟದ ಜಾಣ್ಮೆಯಲ್ಲ, ಕಾನೂನಿನ ದೃಷ್ಟಿಯಲ್ಲಿ ಅದೊಂದು ಸ್ಪಷ್ಟ ಖಾತರಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 84ನೆಯ ಕಲಮಿನ ಪ್ರಕಾರ, ಖಾತರಿ ನೀಡುವಾಗ ತಾನು ನಿರ್ಲಕ್ಷ್ಯವನ್ನಾಗಲಿ ವಂಚನೆಯನ್ನಾಗಲಿ ಎಸಗಿಲ್ಲವೆಂದು ತಯಾರಕ ಸಾಬೀತುಪಡಿಸಿದರೂ ಹೊಣೆ ತಪ್ಪುವುದಿಲ್ಲ. ತಯಾರಕ ಕೊಡದ ಖಾತರಿಯನ್ನು ಮಾರಾಟಗಾರ ತಾನಾಗಿ ಕೊಟ್ಟರೆ 86ನೆಯ ಕಲಮು ಅವನನ್ನೂ ಒಳಗೊಳ್ಳುತ್ತದೆ.

ಹೊಣೆಗಾರಿಕೆ ಮತ್ತು ವಿಮೆ

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳಬಹುದು. ಆರು ಸಾವಿರ ರೂಪಾಯಿಯ ಏ.ಸಿ. ದುರಸ್ತಿಗೆ ಇಬ್ಬರು ಹೋಗುತ್ತಾರೆ. ಒಬ್ಬನ ಕೈಯಿಂದ ಪಾನಾ ಹಾರಿ ಇನ್ನೊಬ್ಬನ ತಲೆಗೆ ಬಡಿಯುತ್ತದೆ, ಯಂತ್ರಕ್ಕೂ ಪೆಟ್ಟಾಗುತ್ತದೆ. ಕೆಲಸದ ವೇಳೆಯ ಅಪಘಾತಕ್ಕೆ ಮಾಲೀಕ ತನ್ನ ತಪ್ಪಿಲ್ಲದಿದ್ದರೂ ಪರಿಹಾರ ಕೊಡಬೇಕೆಂಬುದು 1923ರ ಕಾರ್ಮಿಕ ಪರಿಹಾರ ಕಾಯಿದೆಯ ತತ್ತ್ವ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ 2020 ಕೂಡ ಅದನ್ನು ಉಳಿಸಿಕೊಂಡಿದೆ. ಪಾನಾ ಒಯ್ಯಬೇಡವೆಂದು ಹೇಳಿದ್ದೆ, ಅವನೇ ಕೇಳಲಿಲ್ಲ ಎಂಬ ವಾದ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಸಂದರ್ಭದಲ್ಲಿ ನಿಲ್ಲುವುದಿಲ್ಲ. ಇ.ಎಸ್.ಐ. ವ್ಯಾಪ್ತಿಯಲ್ಲಿರುವ ಕೆಲಸಗಾರನಾದರೆ ಈ ಭಾರ ನಿಗಮಕ್ಕೆ ಹೋಗುತ್ತದೆ. ನೋಂದಣಿಯಿಲ್ಲದ ದಿನಗೂಲಿಯವನಾದರೆ ಮಾಲೀಕನ ಜೇಬಿಗೇ ಬೀಳುತ್ತದೆ.

ಕ್ರಿಮಿನಲ್ ಹೊಣೆಯೂ ಇದೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾಗುವ ಅಪರಾಧಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಅನ್ವಯಿಸುತ್ತದೆ. ಗರಿಷ್ಠ ಐದು ವರ್ಷ ಸೆರೆವಾಸ. ಚಿಕಿತ್ಸೆಯ ವೇಳೆಯ ನಿರ್ಲಕ್ಷ್ಯಕ್ಕೆ ನೋಂದಾಯಿತ ವೈದ್ಯರಿಗೆ ಇದು ಎರಡು ವರ್ಷಕ್ಕೆ ಸೀಮಿತ. ಗುತ್ತಿಗೆದಾರನ ಮೇಲ್ವಿಚಾರಕನಿಗೆ ಆ ರಿಯಾಯಿತಿ ಇಲ್ಲ.

ಯಂತ್ರದ ಹಾನಿಯನ್ನು ವಿಮೆ ಭರಿಸುತ್ತದೆಂದು ಹಲವರು ನಿಶ್ಚಿಂತರಾಗಿರುತ್ತಾರೆ. ಸಾರ್ವಜನಿಕ ಹೊಣೆಗಾರಿಕೆಯ ಪಾಲಿಸಿಗಳು ಸಾಮಾನ್ಯವಾಗಿ ವಿಮೆದಾರನ ವಶದಲ್ಲಿರುವ ಅಥವಾ ಅವನು ಕೆಲಸ ಮಾಡುತ್ತಿರುವ ಆಸ್ತಿಯ ಹಾನಿಯನ್ನು ಹೊರತುಪಡಿಸುತ್ತವೆ. ಪಾಲಿಸಿಯ ಆ ಪುಟವನ್ನು ದರಪಟ್ಟಿ ಕೊಡುವ ಮೊದಲೇ ಓದುವುದು ಲೇಸು. ಕಾರ್ಯಾದೇಶದಲ್ಲಿ ಜೊತೆಗಿರಬೇಕಾದ ಸಿಬ್ಬಂದಿಯ ಹೆಸರು, ಒಯ್ಯಲು ಅನುಮತಿಯಿರುವ ಉಪಕರಣಗಳ ಪಟ್ಟಿ, ಕೇಂದ್ರವೇ ನೀಡುವ ಪೂರ್ವಭಾವಿ ತಿಳಿವಳಿಕೆ ಇವನ್ನು ಲಿಖಿತವಾಗಿ ಸೇರಿಸಿಕೊಳ್ಳಬೇಕು. ಯಂತ್ರ ನಿಂತ ದಿನಗಳ ಆದಾಯ ನಷ್ಟಕ್ಕೆ ಗುತ್ತಿಗೆದಾರನೇ ಹೊಣೆ ಎಂಬ ವಾಕ್ಯ ಇದ್ದರೆ ಅದಕ್ಕೊಂದು ಮಿತಿ ಹಾಕಿಸಿಕೊಳ್ಳದೆ ಸಹಿ ಮಾಡಬಾರದು.

ಕಣ್ಣಿನೊಳಗಿನ ಕಬ್ಬಿಣ

ವೆಲ್ಡಿಂಗ್, ಗ್ರೈಂಡಿಂಗ್, ಲೇತು ಕೆಲಸದ ಘಟಕಗಳ ಮಾಲೀಕರಿಗೆ ಸಂಬಂಧಿಸಿದ ಇನ್ನೊಂದು ವಿಷಯವುಂಟು. ಇಲ್ಲಿ ಅವರ ಕೆಲಸಗಾರ ರೋಗಿಯಾಗಿ ಸ್ಕ್ಯಾನಿಂಗ್‌ಗೆ ಹೋಗುತ್ತಾನೆ. ಗ್ರೈಂಡಿಂಗ್ ವೇಳೆ ಸಿಡಿದ ಕಬ್ಬಿಣದ ಕಣ ಕಣ್ಣಿನೊಳಗೆ ಸೇರಿ ನೋವು ಶಮನವಾಗಿ ಮರೆತೇ ಹೋಗಿರಬಹುದು. ವರ್ಷಗಳ ನಂತರ ಬೆನ್ನುನೋವಿಗೆಂದು ಎಂ.ಆರ್.ಐ. ಮಾಡಿಸಿದಾಗ ಆ ಕಣ ಚಲಿಸಿ ಕಣ್ಣಿನೊಳಗೆ ರಕ್ತಸ್ರಾವವಾಗಬಹುದು. ಲೋಹದ ಕೆಲಸ ಮಾಡಿದ್ದ ರೋಗಿಯೊಬ್ಬರು ಹೀಗೆ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡ ಪ್ರಕರಣ 1986ರಲ್ಲಿಯೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಕೇಂದ್ರದಲ್ಲಿ ತುಂಬಲು ಕೊಡುವ ಪ್ರಶ್ನಾವಳಿಯಲ್ಲಿ ಈ ಬಗ್ಗೆ ಕೇಳಿರುತ್ತಾರೆ. ಸಂಶಯವಿದ್ದರೆ ಮೊದಲು ಕಣ್ಣಿನ ಕ್ಷ-ಕಿರಣ ಚಿತ್ರ ತೆಗೆಯುತ್ತಾರೆ. ಆದರೆ ಆ ನಮೂನೆ ಇಂಗ್ಲಿಷಿನಲ್ಲಿದ್ದು, ಜೊತೆಗೆ ಬಂದವರು ಎಲ್ಲದಕ್ಕೂ ಇಲ್ಲವೆಂದು ಗುರುತು ಹಾಕಿ ಸಹಿ ಮಾಡಿಸುವುದುಂಟು. ಕಾರ್ಖಾನೆಯ ಅಪಘಾತ ದಾಖಲೆ ಪುಸ್ತಕದಲ್ಲಿ ಕಣ್ಣಿಗೆ ಕಿಡಿ ಬಿದ್ದ ಪ್ರತಿಯೊಂದು ಘಟನೆಯನ್ನೂ ದಿನಾಂಕದೊಡನೆ ಬರೆದಿಟ್ಟು, ಕೆಲಸಗಾರ ಸ್ಕ್ಯಾನಿಂಗ್‌ಗೆ ಹೋಗುವಾಗ ಆ ಪುಟದ ಪ್ರತಿಯನ್ನು ಅವನ ಕೈಗೆ ಕೊಟ್ಟು ಕಳುಹಿಸಲು ಖರ್ಚಾಗುವುದು ಒಂದು ಜೆರಾಕ್ಸ್ ಪ್ರತಿಯ ಹಣ ಮಾತ್ರ.