ಓದಲು ಬಾರದವರಿಗೂ ದಾರಿ ತೋರುವ ಜಪಾನ್

ಜಪಾನಿಗೆ ಮೊದಲ ಬಾರಿ ಹೊರಟವರನ್ನು ಕಾಡುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬೋರ್ಡಿನ ಅಕ್ಷರ ಓದಲು ಬರುವುದಿಲ್ಲ, ದಾರಿ ತಪ್ಪಿದರೆ ಯಾರನ್ನು ಕೇಳುವುದು? ಹೋಟೆಲಿನಲ್ಲಿ ಏನು ಹೇಳಿ ಏನು ತರಿಸಿಕೊಳ್ಳುವುದು? ಶೌಚಾಲಯದಲ್ಲಿ ಸಾಲುಗಟ್ಟಿರುವ ಗುಂಡಿಗಳಲ್ಲಿ ಯಾವುದನ್ನು ಒತ್ತುವುದು? ಗೊತ್ತಿಲ್ಲದೆ ಯಾರ ಮನಸ್ಸನ್ನಾದರೂ ನೋಯಿಸಿಬಿಟ್ಟರೆ? ಬೆಂಗಳೂರಿನಿಂದ ಟೋಕಿಯೋದ ನರೀತಾ ನಿಲ್ದಾಣಕ್ಕೆ ನೇರ ವಿಮಾನ ಬಂದ ಮೇಲೆ ಈ ಪ್ರಶ್ನೆಗಳು ಕನ್ನಡಿಗರ ಮನೆಗಳಲ್ಲೂ ಕೇಳಿಬರುತ್ತಿವೆ.

ಈ ಆತಂಕ ಪ್ರವಾಸಿಗರದಷ್ಟೇ ಅಲ್ಲ. ಅರವತ್ತು ವರ್ಷಗಳ ಹಿಂದೆ ಇವೇ ಪ್ರಶ್ನೆಗಳನ್ನು ಜಪಾನ್ ತನಗೆ ತಾನೇ ಕೇಳಿಕೊಂಡಿತ್ತು. ಹೊಸಬರು ಇಂದು ಅಲ್ಲಿ ಅಷ್ಟೇನೂ ಪರದಾಡದೆ ಓಡಾಡುತ್ತಾರೆಂದರೆ ಅದರ ಹಿಂದೆ ಆಗಿನಿಂದ ಒಂದೊಂದಾಗಿ ಕೂಡಿಬಂದ ಏರ್ಪಾಡುಗಳಿವೆ.

ಅರಮನೆಯಲ್ಲಿ ಮೂಡಿದ ಚಿತ್ರಗಳು

1964ರ ಅಕ್ಟೋಬರ್ 10ರಂದು ಟೋಕಿಯೋದಲ್ಲಿ ಒಲಿಂಪಿಕ್ಸ್ ಆರಂಭವಾಯಿತು. ಏಷ್ಯಾದಲ್ಲಿ ಅದೇ ಮೊದಲ ಒಲಿಂಪಿಕ್ಸ್. 93 ತಂಡಗಳು ಬಂದಿದ್ದವು. ಆ ಇಡೀ ವರ್ಷ ಜಪಾನಿಗೆ ಬಂದ ವಿದೇಶಿಯರು ಸುಮಾರು ಮೂರೂವರೆ ಲಕ್ಷ. ಅವರಲ್ಲಿ ಜಪಾನೀ ಲಿಪಿ ಓದಬಲ್ಲವರು ತೀರಾ ಕಡಿಮೆ. ಆತಿಥೇಯರಲ್ಲಿ ಇಂಗ್ಲಿಷ್ ಬಲ್ಲವರೂ ಹೆಚ್ಚಿರಲಿಲ್ಲ. ಎಷ್ಟು ಭಾಷೆಗಳಲ್ಲಿ ಫಲಕ ಬರೆಸಿದರೂ ಯಾರಾದರೂ ಹೊರಗೆ ಉಳಿಯುವುದು ಖಚಿತವಿತ್ತು.

ಕಲಾ ವಿಮರ್ಶಕ ಕಾತ್ಸುಮಿ ಮಸಾರು ಈ ಒಲಿಂಪಿಕ್ಸ್‌ನ ವಿನ್ಯಾಸದ ಹೊಣೆ ಹೊತ್ತಿದ್ದರು. ಅಕ್ಷರದ ಹಂಗೇ ಬೇಡವೆಂದು ಅವರು ಚಿತ್ರದ ಮೊರೆ ಹೋದರು. ಆಟಗಳಿಗೆ ಯಾಮಾಶಿತಾ ಯೋಶಿರೊ 20 ಸಂಕೇತಚಿತ್ರಗಳನ್ನು ಬರೆದರು. ಶೌಚಾಲಯ, ದೂರವಾಣಿ, ಸ್ನಾನಗೃಹ, ಊಟದ ಮನೆಯಂಥ ಸೌಲಭ್ಯಗಳಿಗೆ ಇನ್ನೂ 39 ಚಿತ್ರಗಳು ಬೇಕಿದ್ದವು. ಅದಕ್ಕಾಗಿ ಯುವ ವಿನ್ಯಾಸಕರ ತಂಡವೊಂದು ಸಂಘಟನಾ ಸಮಿತಿಯ ಕಚೇರಿಯಿದ್ದ ಅಕಾಸಾಕಾ ಅರಮನೆಯಲ್ಲಿ ಸೇರತೊಡಗಿತು. ಮುಂದೆ ಜಗತ್ತಿಗೇ ಪರಿಚಿತರಾದ ತನಾಕಾ ಇಕ್ಕೊ, ಯೊಕೊಒ ತದನೊರಿ ಆ ತಂಡದಲ್ಲಿದ್ದರು. ಗಂಡು ಹೆಣ್ಣಿನ ಎರಡು ಸರಳ ಆಕೃತಿಗಳಿಂದ ಶೌಚಾಲಯವನ್ನು ಸೂಚಿಸುವ ಪದ್ಧತಿ ಜಗತ್ತಿನಲ್ಲಿ ಹರಡಲು ಈ ಕೆಲಸ ದೊಡ್ಡ ಕಾರಣವಾಯಿತು.

ಕೆಲಸ ಮುಗಿದ ಮೇಲೆ ಕಾತ್ಸುಮಿ ಆ ಯುವಕರ ಮುಂದೆ ಒಂದು ಕಾಗದ ಇಟ್ಟು ಸಹಿ ಕೇಳಿದರು. ಈ ಚಿತ್ರಗಳ ಮೇಲಿನ ಹಕ್ಕನ್ನು ಬಿಟ್ಟುಕೊಡುತ್ತೇವೆ ಎಂಬ ಒಪ್ಪಿಗೆ ಪತ್ರ ಅದು. ಇವು ಸಮಾಜಕ್ಕೆ ಸೇರಬೇಕಾದವು ಎಂಬುದು ಅವರ ನಿಲುವು. ಎಲ್ಲರೂ ಸಹಿ ಹಾಕಿದರು. ಅಂದು ಯಾರಾದರೂ ಹಕ್ಕು ಸಾಧಿಸಿದ್ದರೆ, ಮುಂದಿನ ಒಲಿಂಪಿಕ್ಸ್‌ಗಳಿಗೂ ನಿಲ್ದಾಣಗಳಿಗೂ ಈ ಭಾಷೆ ಇಷ್ಟು ಸಲೀಸಾಗಿ ಹರಿಯುತ್ತಿರಲಿಲ್ಲ.

ಹೆಸರಿನ ಜೊತೆಗೊಂದು ಸಂಖ್ಯೆ

ಚಿತ್ರ ಶೌಚಾಲಯವನ್ನು ತೋರಿಸಬಲ್ಲದು, ನಿಲ್ದಾಣದ ಹೆಸರನ್ನು ಹೇಳಲಾರದು. ಟೋಕಿಯೋದ ರೈಲು ನಕ್ಷೆ ಬಣ್ಣಬಣ್ಣದ ಗೆರೆಗಳ ಗೋಜಲು. ಶಿಂಜುಕು ನಿಲ್ದಾಣ ಒಂದಕ್ಕೇ 200ಕ್ಕೂ ಹೆಚ್ಚು ದ್ವಾರಗಳಿವೆ. ಕಿವಿಗೆ ಒಂದೇ ರೀತಿ ಕೇಳಿಸುವ ಹೆಸರುಗಳ ನಡುವೆ ಹೊಸಬರು ಕಂಗಾಲಾಗುವುದು ಸಹಜ.

2003ರಲ್ಲಿ ಜಪಾನಿಗೆ ಬಂದ ವಿದೇಶಿಯರು ಸುಮಾರು 52 ಲಕ್ಷ. ಅದನ್ನು ಒಂದು ಕೋಟಿಗೆ ಏರಿಸಬೇಕೆಂದು ಪ್ರಧಾನಿ ಕೊಯಿಜುಮಿ ಅವರ ಸರ್ಕಾರ ಆ ವರ್ಷ ಪ್ರಚಾರಕ್ಕಿಳಿಯಿತು. ಮರುವರ್ಷ, 2004ರ ಏಪ್ರಿಲ್‌ನಲ್ಲಿ, ಟೋಕಿಯೋದ ಸುರಂಗ ರೈಲಿನ ನಿಲ್ದಾಣಗಳಿಗೆಲ್ಲ ಸಂಖ್ಯೆ ಬಂತು. ಗಿಂಜಾ ಮಾರ್ಗಕ್ಕೆ ‘ಜಿ’ ಅಕ್ಷರ. ಶಿಬುಯಾ ‘ಜಿ 01’, ಗಿಂಜಾ ‘ಜಿ 09’, ಅಸಾಕುಸಾ ‘ಜಿ 19’. ಶಿಬುಯಾದಲ್ಲಿ ಹತ್ತಿದವರು ಸಂಖ್ಯೆ ಏರುತ್ತಿದೆಯೇ ಎಂದು ನೋಡಿಕೊಂಡರೆ ಸಾಕು, ರೈಲು ಸರಿಯಾದ ದಿಕ್ಕಿಗೆ ಹೊರಟಿದೆಯೋ ಇಲ್ಲವೋ ಮುಂದಿನ ನಿಲ್ದಾಣದಲ್ಲೇ ತಿಳಿಯುತ್ತದೆ. ಹೆಸರು ಮರೆತರೂ ಹತ್ತೊಂಬತ್ತು ನೆನಪಿರುತ್ತದೆ.

ಟಿಕೆಟ್ಟಿನ ತಾಪತ್ರಯವೂ ಹೀಗೆಯೇ ಕರಗಿತು. 2001ರ ನವೆಂಬರ್‌ನಲ್ಲಿ ‘ಸುಯಿಕಾ’ ಎಂಬ ಮುಟ್ಟಿಸಿ ಸಾಗುವ ಕಾರ್ಡು ಬಂತು. 2013ರ ಮಾರ್ಚ್‌ನಲ್ಲಿ ಬೇರೆ ಬೇರೆ ಪ್ರಾಂತ್ಯಗಳ ಹತ್ತು ಕಾರ್ಡುಗಳು ಒಂದರ ಜಾಗದಲ್ಲಿ ಇನ್ನೊಂದು ನಡೆಯುವಂತೆ ಕೈಜೋಡಿಸಿದವು. ಟೋಕಿಯೋದಲ್ಲಿ ಕೊಂಡ ಕಾರ್ಡನ್ನು ಒಸಾಕಾದ ರೈಲಿನಲ್ಲೂ ಅಲ್ಲಿನ ಅಂಗಡಿಯಲ್ಲೂ ಬಳಸಬಹುದು. ಒಂದು ಕೋಟಿ ಪ್ರವಾಸಿಗರ ಗುರಿ ದಾಟಿದ್ದೂ ಅದೇ 2013ರಲ್ಲಿ.

ಗಾಜಿನ ಹಿಂದಿನ ಊಟ

ಊಟದ ವಿಷಯದಲ್ಲಿ ನೆರವಿಗೆ ಬರುವ ಏರ್ಪಾಡು ವಿದೇಶಿಯರಿಗಾಗಿ ಹುಟ್ಟಿದ್ದೇ ಅಲ್ಲ. ಗಿಫು ಪ್ರಾಂತ್ಯದ ಗುಜೊ ಹಾಚಿಮಾನ್ ಊರಿನ ಇವಾಸಾಕಿ ತಾಕಿಜೊ 1932ರಲ್ಲಿ ಒಸಾಕಾದಲ್ಲಿ ಮೇಣದ ತಿಂಡಿಗಳ ಉದ್ಯಮ ಶುರುಮಾಡಿದರು. ಅವರ ಹೆಸರಿನ ಜೊತೆ ಇಂದಿಗೂ ಕೇಳಿಬರುವುದು ಮೇಣದ ಆಮ್ಲೆಟ್. ಊಟದ ಮನೆಯ ಬಾಗಿಲಲ್ಲೇ ಗಾಜಿನ ಕಪಾಟು, ಒಳಗೆ ಬಟ್ಟಲು ಬಟ್ಟಲಾಗಿ ಮಾದರಿ ಊಟ, ಪಕ್ಕದಲ್ಲಿ ಬೆಲೆ. ಬಟ್ಟಲು ಎಷ್ಟು ದೊಡ್ಡದು, ಮೇಲೆ ಮೊಟ್ಟೆ ಇದೆಯೇ, ಸೀಗಡಿ ಎಷ್ಟು, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಮೇಣದ ಜಾಗಕ್ಕೆ ಈಗ ಪ್ಲಾಸ್ಟಿಕ್ ಬಂದಿದೆ. ಗುಜೊ ಹಾಚಿಮಾನ್‌ನಲ್ಲಿ ಈ ಕಸುಬು ನಡೆದೇ ಇದೆ. ಭಾಷೆ ಬಾರದವರು ಪರಿಚಾರಕರನ್ನು ಹೊರಗೆ ಕರೆತಂದು ಬೆರಳು ತೋರಿಸಿದರೂ ಯಾರೂ ಬೇಸರಿಸುವುದಿಲ್ಲ.

ಸಸ್ಯಾಹಾರಿಗಳು ಮಾತ್ರ ಕಣ್ಣನ್ನಷ್ಟೇ ನಂಬುವಂತಿಲ್ಲ. ಮಾಂಸದ ಚೂರೂ ಕಾಣದ ಮಿಸೊ ಸಾರಿನಲ್ಲಿ, ತರಕಾರಿ ತೆಂಪುರಾದ ಜೊತೆ ಕೊಡುವ ರಸದಲ್ಲಿ ‘ದಾಶಿ’ ಇರುತ್ತದೆ. ಒಣಗಿಸಿದ ಬೊನಿಟೊ ಮೀನನ್ನು ತೆಳ್ಳಗೆ ಹೆರೆದು, ಕಡಲಪಾಚಿಯೊಂದಿಗೆ ಬಿಸಿನೀರಿನಲ್ಲಿ ನೆನೆಸಿ ಸೋಸಿದ ತಿಳಿಸಾರು ಅದು. ಆದ್ದರಿಂದ ‘ಮಾಂಸ ಬೇಡ’ ಎಂದರೆ ಸಾಲದು, ‘ಮೀನಿನ ದಾಶಿಯೂ ಬೇಡ’ ಎಂದು ಜಪಾನೀ ಭಾಷೆಯಲ್ಲಿ ಬರೆಸಿಕೊಂಡ ಚೀಟಿ ಜೇಬಿನಲ್ಲಿರಬೇಕು. ಬೌದ್ಧ ಮಠಗಳ ‘ಶೋಜಿನ್ ರ‍್ಯೋರಿ’ ಸಂಪ್ರದಾಯದಲ್ಲಿ ಕಡಲಪಾಚಿ, ಅಣಬೆಗಳಿಂದಲೇ ದಾಶಿ ತಯಾರಾಗುತ್ತದೆ. ಕೋಯಾ ಬೆಟ್ಟದ ಮಠಗಳಲ್ಲಿ ಪ್ರವಾಸಿಗರು ತಂಗಿ ಈ ಊಟ ಮಾಡಬಹುದು. 2022ರಲ್ಲಿ ಜಪಾನಿನ ಕೃಷಿ ಸಚಿವಾಲಯ ಸಸ್ಯಾಹಾರಿ ಮತ್ತು ವೀಗನ್ ಆಹಾರಗಳಿಗೆ ರಾಷ್ಟ್ರೀಯ ಮಾನದಂಡವನ್ನೂ ರೂಪಿಸಿತು.

ಎಂಟು ಗುಂಡಿಗಳ ಒಪ್ಪಂದ

ಟೊಟೊ ಕಂಪನಿ ನೀರು ಚಿಮ್ಮಿಸಿ ತೊಳೆಯುವ ‘ವಾಶ್‌ಲೆಟ್’ ಮಾರಾಟ ಶುರುಮಾಡಿದ್ದು 1980ರಲ್ಲಿ. ಶೌಚಕ್ಕೆ ನೀರೇ ಬೇಕೆನ್ನುವ ಭಾರತೀಯರಿಗೆ ಇದು ನೆಮ್ಮದಿಯ ಸುದ್ದಿ. ತೊಂದರೆ ಇದ್ದದ್ದು ಗುಂಡಿಗಳಲ್ಲಿ. ಒಂದೊಂದು ಕಂಪನಿಯದು ಒಂದೊಂದು ಚಿತ್ರ. ಒಂದರಲ್ಲಿ ನೀರು ನಿಲ್ಲಿಸುವುದನ್ನು ಕಲಿತವರು ಇನ್ನೊಂದರ ಮುಂದೆ ಮತ್ತೆ ತಡಕಾಡಬೇಕಿತ್ತು. 2017ರ ಜನವರಿಯಲ್ಲಿ ಜಪಾನಿನ ಶೌಚ ಸಲಕರಣೆ ತಯಾರಕರು ಒಂದಾಗಿ ಎಂಟು ಚಿತ್ರಗಳಿಗೆ ಒಪ್ಪಿದರು: ಮುಚ್ಚಳ ಎತ್ತಲು, ಸೀಟು ಎತ್ತಲು, ಹೆಚ್ಚು ನೀರು ಬಿಡಲು, ಕಡಿಮೆ ನೀರು ಬಿಡಲು, ಹಿಂಭಾಗ ತೊಳೆಯಲು, ಮುಂಭಾಗ ತೊಳೆಯಲು, ಒಣಗಿಸಲು, ನಿಲ್ಲಿಸಲು. ಗಾಬರಿಯಾದಾಗ ನೆನಪಿಡಬೇಕಾದ್ದು ಕೊನೆಯದೊಂದೇ. ಚೌಕಾಕಾರದ ಗುರುತು ನೀರನ್ನು ನಿಲ್ಲಿಸುತ್ತದೆ.

ಎಲ್ಲ ಚಿತ್ರಗಳೂ ಇಷ್ಟು ಸುಲಭವಾಗಿ ಬದಲಾಗಲಿಲ್ಲ. ಅಂಡಾಕಾರದ ಬೋಗುಣಿಯಿಂದ ಮೂರು ಎಳೆ ಹಬೆ ಏಳುವ ಗುರುತು ಜಪಾನಿನಲ್ಲಿ ಬಿಸಿನೀರ ಬುಗ್ಗೆಯನ್ನು ಸೂಚಿಸುತ್ತದೆ. ವಿದೇಶಿಯರು ಅದನ್ನು ಬಿಸಿ ಊಟ ಸಿಗುವ ಜಾಗವೆಂದು ತಿಳಿದಾರೆಂಬ ಶಂಕೆಯಿಂದ, ಮೂವರು ನೀರಿನಲ್ಲಿ ಕುಳಿತಿರುವ ಅಂತರರಾಷ್ಟ್ರೀಯ ಚಿತ್ರವನ್ನು ತರುವ ಪ್ರಸ್ತಾಪ 2016ರಲ್ಲಿ ಬಂತು. ಬುಗ್ಗೆಗಳ ಊರುಗಳು ಸುಮ್ಮನಿರಲಿಲ್ಲ. ಗುನ್ಮಾ ಪ್ರಾಂತ್ಯದ ಇಸೊಬೆಯವರಂತೂ ಈ ಗುರುತು 1661ರ ತಮ್ಮೂರಿನ ದಾಖಲೆಯಲ್ಲೇ ಇದೆ ಎನ್ನುತ್ತಾರೆ. ಕೊನೆಗೆ 2017ರಲ್ಲಿ ಎರಡರಲ್ಲಿ ಯಾವುದನ್ನಾದರೂ ಬಳಸಬಹುದೆಂದು ತೀರ್ಮಾನವಾಯಿತು.

ನಕ್ಷೆಯ ಮೇಲೆ ಬೌದ್ಧ ದೇವಾಲಯವನ್ನು ಸೂಚಿಸುವ ‘ಮಾಂಜಿ’ಯ ಕಥೆಯೂ ಇಂಥದ್ದೇ. ಪಾಶ್ಚಾತ್ಯರು ಅದನ್ನು ನಾಜಿ ಚಿಹ್ನೆಯೆಂದು ಭಾವಿಸಿಯಾರೆಂದು, ವಿದೇಶಿಯರ ನಕ್ಷೆಗಳಲ್ಲಿ ಪಗೋಡದ ಚಿತ್ರ ಹಾಕುವ ಪ್ರಸ್ತಾಪವೂ 2016ರಲ್ಲಿ ಬಂದು ಚರ್ಚೆ ಎಬ್ಬಿಸಿತು. ಜಪಾನೀಯರ ನಕ್ಷೆಗಳಲ್ಲಿ ಮಾಂಜಿ ಉಳಿದಿದೆ. ಕನ್ನಡಿಗರಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ. ನಮ್ಮ ಸ್ವಸ್ತಿಕವೇ ಅದು, ತೋಳುಗಳು ಮಾತ್ರ ಎದುರು ದಿಕ್ಕಿಗೆ ತಿರುಗಿವೆ.

ಚಿತ್ರ ಹೇಳದ ರೂಢಿಗಳು

ಕೆಲವನ್ನು ತಿಳಿದುಕೊಂಡೇ ಹೋಗುವುದು ಒಳ್ಳೆಯದು. ಹೊಸ್ತಿಲಲ್ಲಿ ಚಪ್ಪಲಿ ಬಿಡುವುದು ನಮಗೆ ಹೊಸತಲ್ಲ. ಒಳಗೆ ಕೊಡುವ ಸ್ಲಿಪ್ಪರನ್ನು ತತಾಮಿ ಚಾಪೆ ಹಾಸಿದ ಕೋಣೆಯ ಮುಂದೆ ಮತ್ತೆ ಬಿಡಬೇಕು, ಶೌಚಾಲಯಕ್ಕೆಂದು ಇಟ್ಟ ಸ್ಲಿಪ್ಪರನ್ನು ಅಲ್ಲಿಂದ ಆಚೆ ತರಬಾರದು. ಬಿಸಿನೀರ ಕೊಳಕ್ಕೆ ಇಳಿಯುವ ಮೊದಲೇ ಪುಟ್ಟ ಮಣೆಯ ಮೇಲೆ ಕುಳಿತು ಮೈ ತೊಳೆದುಕೊಳ್ಳಬೇಕು. ಟಿಪ್ಸ್ ಕೊಡುವ ರೂಢಿ ಇಲ್ಲ. 1995ರ ಮಾರ್ಚ್‌ನಲ್ಲಿ ಟೋಕಿಯೋ ಸುರಂಗ ರೈಲಿನಲ್ಲಿ ಸಾರಿನ್ ವಿಷಾನಿಲ ದಾಳಿ ನಡೆದ ಮೇಲೆ ಸಾರ್ವಜನಿಕ ಕಸದ ತೊಟ್ಟಿಗಳು ಬಹುಪಾಲು ಮಾಯವಾದವು. ಹಾಗಾಗಿ ಕಸವನ್ನು ಚೀಲದಲ್ಲೇ ಇಟ್ಟುಕೊಂಡು ಕೋಣೆಗೆ ಒಯ್ಯಬೇಕು.

ದಾರಿ ತಪ್ಪಿದರೆ, ಪರ್ಸು ಕಳೆದರೆ ‘ಕೋಬಾನ್’ ಇದೆ. 1874ರಲ್ಲಿ ಟೋಕಿಯೋದಲ್ಲಿ ಶುರುವಾದ ಈ ಪುಟ್ಟ ಪೊಲೀಸ್ ಚೌಕಿಗಳಲ್ಲಿ ದಾರಿ ಕೇಳುವುದು ದಿನನಿತ್ಯದ ಮಾತು. ಸಿಕ್ಕ ವಸ್ತುವನ್ನು ಜನ ತಂದೊಪ್ಪಿಸುವುದೂ ಅಲ್ಲಿಗೇ. ಮೂರು ತಿಂಗಳೊಳಗೆ ವಾರಸುದಾರರು ಬಾರದಿದ್ದರೆ ಅನೇಕ ವಸ್ತುಗಳು ತಂದುಕೊಟ್ಟವರಿಗೇ ಸೇರುತ್ತವೆ.

2024ರಲ್ಲಿ ಜಪಾನಿಗೆ ಬಂದ ವಿದೇಶಿಯರು ಸುಮಾರು 3 ಕೋಟಿ 69 ಲಕ್ಷ. ಈಗ ಆತಂಕ ಊರಿನವರದು. ಕ್ಯೋಟೊ ನಗರ 2015ರಲ್ಲೇ ‘ಅಕಿಮಹೆನ್’ ಎಂಬ ಕಿರುಪತ್ರ ಹೊರತಂದು, ಗೇಯಿಶಾ ಶಿಷ್ಯೆಯರಾದ ‘ಮೈಕೊ’ಗಳಿಗೆ ತೊಂದರೆ ಕೊಡಬಾರದು, ಬೀದಿಯಲ್ಲಿ ಸಿಗರೇಟು ಸೇದಬಾರದು ಎಂಬುದನ್ನೆಲ್ಲ ಚಿತ್ರಗಳಲ್ಲೇ ತಿಳಿಸಿತು. 2024ರಲ್ಲಿ ಗಿಯೋನ್ ಬಡಾವಣೆಯ ಖಾಸಗಿ ಓಣಿಗಳು ಪ್ರವಾಸಿಗರಿಗೆ ಮುಚ್ಚಿದವು. ಒಳಹೊಕ್ಕವರಿಗೆ 10,000 ಯೆನ್ ದಂಡವೆಂದು ಫಲಕಗಳು ಎಚ್ಚರಿಸುತ್ತವೆ. ಅದೇ ವರ್ಷದ ಜೂನ್‌ನಲ್ಲಿ ಕ್ಯೋಟೊ, ರೈಲು ನಿಲ್ದಾಣದಿಂದ ಪ್ರಸಿದ್ಧ ದೇವಾಲಯಗಳತ್ತ ಪ್ರವಾಸಿಗರಿಗೆಂದೇ ಪ್ರತ್ಯೇಕ ಬಸ್ಸುಗಳನ್ನು ಬಿಟ್ಟಿತು. ಟಿಕೆಟ್ 500 ಯೆನ್, ಮಾಮೂಲಿ ಸಿಟಿ ಬಸ್ಸಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಕೆಲಸಕ್ಕೆ, ಶಾಲೆಗೆ, ಆಸ್ಪತ್ರೆಗೆ ಹೋಗುವ ಊರಿನವರಿಗೆ ಮಾಮೂಲಿ ಬಸ್ಸಿನಲ್ಲಿ ಕೂರಲು ಜಾಗ ಸಿಗಲಿ ಎಂಬುದು ಈ ಏರ್ಪಾಡಿನ ಉದ್ದೇಶ.